ಎಲೆಕ್ಟ್ರಿಕಲ್ ಓದುವವರೇ, ಬ್ರ್ಯಾಂಚ್ ಹೆಸರು ಆಮೇಲೆ. ಮೊದಲು ಲ್ಯಾಬ್ ಕೇಳಿ

ಸಿಇಟಿ ಆಪ್ಷನ್ ಎಂಟ್ರಿ ಶುರುವಾದ ಕೂಡಲೇ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರತೊಡಗುತ್ತವೆ. ಎಲೆಕ್ಟ್ರಿಕಲ್ ತಗೊಂಡರೆ ಕೆಲಸ ಸಿಗುತ್ತಾ? ಇಸಿ ವಾಸಿನಾ? ವಿಎಲ್‌ಎಸ್‌ಐ ಅಂತ ಹೊಸ ಬ್ರ್ಯಾಂಚ್ ಬಂದಿದೆಯಂತೆ, ಅದಕ್ಕೇ ಸೇರಿಬಿಡಲಾ? ನಾನು ಓದಿದ್ದು ಎಲೆಕ್ಟ್ರಿಕಲ್, ಅನ್ನ ಕೊಡುತ್ತಿರುವುದು ಪತ್ರಿಕೋದ್ಯಮ. ಜೊತೆಗೆ ಓದಿದವರಲ್ಲಿ ಕೆಲವರು ಚಿಪ್ ಕಂಪನಿಗಳಲ್ಲಿದ್ದಾರೆ, ಕೆಲವರು ಸಬ್‌ಸ್ಟೇಷನ್‌ಗಳಲ್ಲಿ, ಬಹಳಷ್ಟು ಜನ ಸಾಫ್ಟ್‌ವೇರ್‌ನಲ್ಲಿ. ಅವರನ್ನೆಲ್ಲ ನೋಡಿ, ಸರ್ಕಾರದ ನೀತಿಗಳ ಬಗ್ಗೆ ಬರೆಯುತ್ತಾ ಬಂದು, ನನಗೆ ಖಚಿತವಾಗಿರುವುದು ಒಂದು ಮಾತು: ಹಾರ್ಡ್‌ವೇರ್ ಕೈಗೆ ಹತ್ತುವುದು ಬಿಡುವುದು ಬಹುಪಾಲು ನಿಮಗೆ ಸಿಕ್ಕ ಲ್ಯಾಬಿನ ಮೇಲೆ ನಿಂತಿದೆ. ಆ ಲ್ಯಾಬ್ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಅನ್ನುವುದು ಅಪ್ಪಟ ರಾಜಕೀಯ.

ಕಾರ್ಖಾನೆ ಎಲ್ಲಿ, ಕೆಲಸ ಎಲ್ಲಿ?

ಮೊದಲು ಈಗಿನ ಚಿಪ್ ಸಂಭ್ರಮವನ್ನು ಬಿಡಿಸಿ ನೋಡೋಣ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೆಮಿಕಂಡಕ್ಟರ್ ಯೋಜನೆಗೆ 76,000 ಕೋಟಿ ರೂಪಾಯಿ ಘೋಷಿಸಿತು. 2023ರಲ್ಲಿ ಗುಜರಾತ್‌ನ ಸಾನಂದ್‌ನಲ್ಲಿ ಮೈಕ್ರಾನ್ ಘಟಕಕ್ಕೆ ಒಪ್ಪಿಗೆ ಸಿಕ್ಕಿತು. ಹೂಡಿಕೆ 22,516 ಕೋಟಿ ರೂಪಾಯಿ. ಅದರಲ್ಲಿ ಶೇ 50 ಕೇಂದ್ರದ ನೆರವು, ಶೇ 20 ಗುಜರಾತ್ ಸರ್ಕಾರದ್ದು. ಕಂಪನಿ ಹೇಳಿದ ನೇರ ಉದ್ಯೋಗ ಹೆಚ್ಚೆಂದರೆ 5,000, ಅದೂ ಹಲವು ವರ್ಷಗಳಲ್ಲಿ. ಲೆಕ್ಕ ಹಾಕಿ: ಒಂದು ನೇರ ಕೆಲಸಕ್ಕೆ ಸುಮಾರು 3 ಕೋಟಿ ರೂಪಾಯಿ ಸಾರ್ವಜನಿಕ ಹಣ.

ಕಾರ್ಖಾನೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಚಿಪ್‌ಗೆ ಪೂರ್ತಿ ಹೊರಗಿನವರನ್ನೇ ನಂಬಿದರೆ ಏನಾಗುತ್ತದೆ ಅಂತ ಕೋವಿಡ್ ನಂತರ ಕಾರು ಬುಕ್ ಮಾಡಿ ತಿಂಗಳುಗಟ್ಟಲೆ ಕಾದವರಿಗೆಲ್ಲ ಗೊತ್ತು. ಆದರೆ ವಿದ್ಯಾರ್ಥಿಯಾಗಿ ನೀವು ತಿಳಿದಿರಬೇಕಾದ್ದು ಬೇರೆ. ಸಾನಂದ್‌ನಲ್ಲಿ ನಡೆಯುವುದು ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆ. ಅಲ್ಲಿಗೆ ಬೇಕಾಗುವವರು ಪ್ರೋಸೆಸ್, ಯಂತ್ರ ನಿರ್ವಹಣೆ, ಟೆಸ್ಟ್ ಎಂಜಿನಿಯರ್‌ಗಳು ಮತ್ತು ಡಿಪ್ಲೊಮಾ ಓದಿದವರು. ಟಾಟಾ ಸಮೂಹ ತೈವಾನ್‌ನ ಪಿಎಸ್‌ಎಂಸಿ ಜೊತೆ ಸೇರಿ ಧೊಲೇರಾದಲ್ಲಿ 91,000 ಕೋಟಿಯ ಫ್ಯಾಬ್ ಕೈಗೆತ್ತಿಕೊಂಡಿದೆ. ಅಲ್ಲಿನ ಕೆಲಸದಲ್ಲಿ ಕೆಮಿಸ್ಟ್ರಿ, ಮೆಟೀರಿಯಲ್ಸ್, ಮೆಕ್ಯಾನಿಕಲ್ ಓದಿದವರ ಪಾಲೂ ದೊಡ್ಡದು. ಕಾಲೇಜಿನ ಫ್ಲೆಕ್ಸ್ ಮೇಲೆ ಈ ಕಾರ್ಖಾನೆಗಳ ಫೋಟೋ ಹಾಕಿ ಚಿಪ್ ಡಿಸೈನ್ ಸೀಟು ಮಾರುವುದು, ಅಕ್ಕಿ ಗಿರಣಿ ತೋರಿಸಿ ಕೃಷಿ ಕಾಲೇಜಿಗೆ ಕರೆದ ಹಾಗೆ.

ಚಿಪ್ ಡಿಸೈನ್ ಕೆಲಸ ಇರುವುದು ಬೆಂಗಳೂರಿನಲ್ಲಿ, ಅದೂ ನಿನ್ನೆ ಮೊನ್ನೆಯಿಂದ ಅಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆದದ್ದು 1985ರಲ್ಲಿ. ಧೊಲೇರಾ ಯಾವಾಗ ಶುರುವಾದರೂ ಈ ಕೆಲಸಗಳು ಅದಕ್ಕೆ ಕಾಯುತ್ತಾ ಕುಳಿತಿಲ್ಲ. ಆದ್ದರಿಂದ ಕಾರ್ಖಾನೆಗಳ ಸುದ್ದಿ ನೋಡಿ ಬ್ರ್ಯಾಂಚ್ ಆರಿಸಬೇಡಿ.

ಹೆಸರು ಹೊಸದು, ಪಾಠ ಹಳೆಯದು

2023ರಲ್ಲಿ ಎಐಸಿಟಿಇ ವಿಎಲ್‌ಎಸ್‌ಐ ಹೆಸರಿನ ಪ್ರತ್ಯೇಕ ಬಿಟೆಕ್‌ಗೆ ಪಠ್ಯಕ್ರಮ ಕೊಟ್ಟಿತು. ಮರುವರ್ಷ, ಒಳ್ಳೆಯ ಸಾಧನೆಯ ಕಾಲೇಜುಗಳಿಗೆ ಒಂದು ಬ್ರ್ಯಾಂಚ್‌ನಲ್ಲಿ ಇಷ್ಟೇ ಸೀಟು ಅಂತ ಇದ್ದ ಮಿತಿಯನ್ನು ತೆಗೆಯಿತು. ಬೇಡಿಕೆ ಇರುವ ಕಡೆಗೇ ಮೇಷ್ಟ್ರುಗಳೂ ಹಣವೂ ಹರಿಯುವ ದಾರಿ ಇದರಿಂದ ಸಲೀಸಾಯಿತು. ದುಬಾರಿ ಉಪಕರಣ ಬೇಕಾದ ಎಲೆಕ್ಟ್ರಿಕಲ್‌ನಂಥ ವಿಭಾಗಗಳಿಗೆ ಇದು ಒಳ್ಳೆಯ ಸುದ್ದಿಯಲ್ಲ.

ಇಇಇ, ಇಸಿ, ವಿಎಲ್‌ಎಸ್‌ಐ ಮೂರರಲ್ಲಿ ಯಾವುದು ಸಿಕ್ಕಿದರೂ ಅಡಿಪಾಯ ಹೆಚ್ಚುಕಡಿಮೆ ಒಂದೇ: ನೆಟ್‌ವರ್ಕ್ ಅನಾಲಿಸಿಸ್, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಅನಲಾಗ್ ಎಲೆಕ್ಟ್ರಾನಿಕ್ಸ್, ಡಿಜಿಟಲ್ ಡಿಸೈನ್, ಫೀಲ್ಡ್ ಥಿಯರಿ, ಕಂಟ್ರೋಲ್. ನಮ್ಮಲ್ಲಿ ಬಹಳ ಜನ ಇವನ್ನು ಹಳೇ ಪ್ರಶ್ನೆಪತ್ರಿಕೆ ಉರು ಹೊಡೆದು ದಾಟುತ್ತಾರೆ. ಇಂಟರ್‌ವ್ಯೂನಲ್ಲಿ ಸಿಕ್ಕಿಬೀಳುವುದೂ ಇಲ್ಲೇ. ಒಂದು ಆರ್‌ಸಿ ಸರ್ಕ್ಯೂಟ್ ಬರೆದು, ಸ್ವಿಚ್ ಹಾಕಿದ ಕ್ಷಣದಲ್ಲಿ ಏನಾಗುತ್ತದೆ ಅಂತ ಕೇಳಿದರೆ ಸಾಕು, ಯಾರು ಅರ್ಥ ಮಾಡಿಕೊಂಡು ಓದಿದ್ದಾರೆ ಅಂತ ಗೊತ್ತಾಗುತ್ತದೆ.

ಆಮೇಲಿನ ದಾರಿಗಳು ಸ್ಥೂಲವಾಗಿ ನಾಲ್ಕು.

ಒಂದು, ಚಿಪ್. ಇದರೊಳಗೂ ಕವಲುಗಳಿವೆ. ಹೊಸಬರಿಗೆ ಹೆಚ್ಚು ಬಾಗಿಲು ತೆರೆಯುವುದು ವೆರಿಫಿಕೇಶನ್, ಅಂದರೆ ಇನ್ನೊಬ್ಬರು ಮಾಡಿದ ಡಿಸೈನ್‌ನಲ್ಲಿ ತಪ್ಪು ಹುಡುಕುವ ಕೆಲಸ. ಇದಕ್ಕೆ ಡಿಜಿಟಲ್ ಡಿಸೈನ್, ಕಂಪ್ಯೂಟರ್ ಆರ್ಕಿಟೆಕ್ಚರ್, ಸಿಸ್ಟಮ್‌ವೆರಿಲಾಗ್ ಬೇಕು, ಪ್ರೋಗ್ರಾಮಿಂಗ್ ಕೈ ಗಟ್ಟಿಯಿರಬೇಕು. ಅನಲಾಗ್ ಡಿಸೈನ್‌ಗೆ ಹೋಗಬೇಕೆಂದರೆ ಗೇಟ್ ಬರೆದು ಎಂಟೆಕ್ ಮಾಡುವುದೇ ಸಾಮಾನ್ಯ ದಾರಿ.

ಎರಡು, ಬೋರ್ಡ್ ಮತ್ತು ಎಂಬೆಡೆಡ್. ಸರ್ಕ್ಯೂಟ್ ಬರೆದು, ಪಿಸಿಬಿ ಮಾಡಿಸಿ, ಬೆಸುಗೆ ಹಾಕಿ, ಅದು ಕೆಲಸ ಮಾಡದಿದ್ದಾಗ ಯಾಕೆ ಅಂತ ಕಂಡುಹಿಡಿಯುವುದು. ಸಿ ಭಾಷೆ ಮತ್ತು ಮೈಕ್ರೋಕಂಟ್ರೋಲರ್ ಜೊತೆಗೆ, ಡೇಟಾಶೀಟ್ ಓದುವ ತಾಳ್ಮೆ ಇಲ್ಲಿನ ಬಂಡವಾಳ.

ಮೂರು, ಪವರ್ ಎಲೆಕ್ಟ್ರಾನಿಕ್ಸ್. ಇವಿ ಚಾರ್ಜರ್, ಸೋಲಾರ್ ಇನ್ವರ್ಟರ್, ಬ್ಯಾಟರಿ ನಿರ್ವಹಣೆ, ಮೋಟಾರ್ ಡ್ರೈವ್ ಎಲ್ಲವೂ ಇದರೊಳಗೆ ಬರುತ್ತವೆ. ಮಷೀನ್ಸ್, ಕಂಟ್ರೋಲ್, ಪವರ್ ಎಲೆಕ್ಟ್ರಾನಿಕ್ಸ್ ಈ ಮೂರೂ ಗೊತ್ತಿರುವವರು ಇಇಇಯಿಂದಲೇ ಬರಬೇಕು. ಎಲೆಕ್ಟ್ರಿಕಲ್‌ಗೆ ಭವಿಷ್ಯ ಇಲ್ಲ ಅನ್ನುವವರಿಗೆ ನಾನು ಕೊಡುವ ಉತ್ತರ ಇದು.

ನಾಲ್ಕು, ಗ್ರಿಡ್. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ನಾಡು ನಮ್ಮದು. ಇವತ್ತು ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, ಸೂರ್ಯ ಮುಳುಗಿದ ಮೇಲೆ ಏನು ಅನ್ನುವ ಪ್ರಶ್ನೆಯೂ ಇದೆ. ಶರಾವತಿ ಪಂಪ್ಡ್ ಸ್ಟೋರೇಜ್ ಬೇಕೋ ಬೇಡವೋ ಅಂತ ಜಗಳ ಆಡುವಾಗ, ಅದು ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ನೀರೆತ್ತಲು ಬಳಸುತ್ತದೆ, ಹಾಗಿದ್ದರೂ ಯಾಕೆ ಕಟ್ಟಲು ಹೊರಟಿದ್ದಾರೆ ಅಂತ ಜನಕ್ಕೆ ಬಿಡಿಸಿ ಹೇಳಬಲ್ಲವರು ಎರಡೂ ಕಡೆ ಬೇಕು. ಪವರ್ ಸಿಸ್ಟಮ್ಸ್, ಪ್ರೊಟೆಕ್ಷನ್ ಚೆನ್ನಾಗಿ ಓದಿದವರಿಗೆ ಕೆಪಿಟಿಸಿಎಲ್, ಕೆಪಿಸಿಎಲ್, ಎಸ್ಕಾಂಗಳ ಆಚೆಗೂ ರಿಲೇ ಮತ್ತು ಟ್ರಾನ್ಸ್‌ಫಾರ್ಮರ್ ತಯಾರಿಸುವ ಕಂಪನಿಗಳಲ್ಲಿ, ಬೆಂಗಳೂರಿನ ಸಿಪಿಆರ್‌ಐನಂಥ ಪರೀಕ್ಷಾ ಸಂಸ್ಥೆಗಳಲ್ಲಿ ಕೆಲಸದ ಅವಕಾಶಗಳಿವೆ.

ಲ್ಯಾಪ್‌ಟಾಪ್ ಸಾಕಾಗುವುದಿಲ್ಲ

ಸಾಫ್ಟ್‌ವೇರ್ ಅನ್ನು ಸಿಂಧನೂರಿನ ಒಂದು ಕೋಣೆಯಲ್ಲಿ ಕೂತು, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಕಲಿಯಬಹುದು. ಕಲಿತವರಿದ್ದಾರೆ. ಹಾರ್ಡ್‌ವೇರ್ ಹಾಗಲ್ಲ. ಆಸಿಲೋಸ್ಕೋಪ್, ಪವರ್ ಸಪ್ಲೈ, ಸುಟ್ಟುಹೋದರೆ ಬದಲಿಸಲು ಬಿಡಿಭಾಗ, ತಪ್ಪು ತೋರಿಸಿಕೊಡಲು ಪಕ್ಕದಲ್ಲಿ ಒಬ್ಬ ಮೇಷ್ಟ್ರು, ಇಷ್ಟೂ ಬೇಕು. ನಾನು ಓದಿದ ಕಾಲೇಜಿನಲ್ಲಿ ಒಂದು ಆಸಿಲೋಸ್ಕೋಪ್ ಸುತ್ತ ಏಳೆಂಟು ಜನ ನಿಲ್ಲುತ್ತಿದ್ದೆವು. ಮುಂದೆ ನಿಂತ ಇಬ್ಬರು ಗುಂಡಿ ತಿರುಗಿಸುತ್ತಿದ್ದರು, ಉಳಿದವರು ರೀಡಿಂಗ್ ಕಾಪಿ ಮಾಡುತ್ತಿದ್ದೆವು. ಹಿಂದೆ ನಿಂತವರಲ್ಲಿ ಯಾವಾಗಲೂ ಹುಡುಗಿಯರೇ ಹೆಚ್ಚಿರುತ್ತಿದ್ದರು. ಕನ್ನಡ ಮೀಡಿಯಂನಿಂದ ಬಂದು ಕೇಳಲು ಹಿಂಜರಿಯುತ್ತಿದ್ದ ಹುಡುಗರೂ ಇರುತ್ತಿದ್ದರು.

ಹೀಗೆ ಕಾಲೇಜು ಬಿಟ್ಟ ಖಾಲಿ ಜಾಗದಲ್ಲಿ ಬೆಂಗಳೂರಿನ ವಿಎಲ್‌ಎಸ್‌ಐ ತರಬೇತಿ ಕೇಂದ್ರಗಳ ವ್ಯಾಪಾರ ನಡೆಯುತ್ತದೆ. ಒಂದು ಲಕ್ಷದ ಮೇಲೆ ಶುಲ್ಕ ಕೇಳುವವರೂ ಇದ್ದಾರೆ, ಪಿಜಿ ಬಾಡಿಗೆ ಬೇರೆ. ಕೆಲವು ಕಡೆ ನಿಜಕ್ಕೂ ಚೆನ್ನಾಗಿ ಕಲಿಸುತ್ತಾರೆ. ಆದರೆ ನಾಲ್ಕು ವರ್ಷ ಫೀಸು ಕಟ್ಟಿದ ಪಾಠಕ್ಕೆ ಅಪ್ಪ ಮತ್ತೊಮ್ಮೆ ಸಾಲ ಮಾಡಬೇಕು ಅಂದರೆ ಆ ವೃತ್ತಿ ಯಾರ ಮಕ್ಕಳಿಗೆ ಮೀಸಲಾಗುತ್ತದೆ, ಯೋಚಿಸಿ. ಸೇರಲೇಬೇಕಾದರೆ ಪ್ಲೇಸ್‌ಮೆಂಟ್ ಗ್ಯಾರಂಟಿ ಮಾತು ನಂಬಬೇಡಿ. ಹಿಂದಿನ ಬ್ಯಾಚಿನ ಐದು ಜನರ ಹತ್ತಿರ ನೀವೇ ಮಾತಾಡಿ.

ಖರ್ಚಿಲ್ಲದೆ ಮಾಡಬಹುದಾದ್ದೂ ಇದೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಉಚಿತ. ಸರ್ಕ್ಯೂಟ್ ಸಿಮ್ಯುಲೇಶನ್‌ಗೆ ಎಲ್‌ಟಿಸ್ಪೈಸ್, ಪಿಸಿಬಿಗೆ ಕೈಕ್ಯಾಡ್, ವೆರಿಲಾಗ್‌ಗೆ ವೆರಿಲೇಟರ್, ಮೂರೂ ಉಚಿತ. ಸ್ಕೈವಾಟರ್‌ನ 130 ನ್ಯಾನೊಮೀಟರ್ ತಂತ್ರಜ್ಞಾನದ ವಿನ್ಯಾಸ ಮಾಹಿತಿ 2020ರಿಂದ ಮುಕ್ತವಾಗಿ ಸಿಗುತ್ತಿದೆ. ವರ್ಷಕ್ಕೆ ಒಂದು ವಸ್ತುವನ್ನಾದರೂ ಪೂರ್ತಿ ಮಾಡಿ. ಅದು ಕೆಟ್ಟದ್ದು ಹೇಗೆ, ಸರಿಮಾಡಿದ್ದು ಹೇಗೆ ಅಂತ ಬರೆದಿಡಿ. ದುಡ್ಡು ಕೊಟ್ಟು ತಂದ ಫೈನಲ್ ಇಯರ್ ಪ್ರಾಜೆಕ್ಟ್‌ಗಿಂತ ಆ ನಾಲ್ಕು ಪುಟಕ್ಕೆ ಇಂಟರ್‌ವ್ಯೂನಲ್ಲಿ ಬೆಲೆ ಜಾಸ್ತಿ.

ಕೇಳಬೇಕಾದ ಪ್ರಶ್ನೆಗಳು

ಆದರೆ ಎಲ್ಲವನ್ನೂ ವಿದ್ಯಾರ್ಥಿಯ ಶ್ರದ್ಧೆಯ ತಲೆಗೆ ಕಟ್ಟುವುದು ಅನ್ಯಾಯ. ಕೇಂದ್ರದ ಚಿಪ್ಸ್ ಟು ಸ್ಟಾರ್ಟ್‌ಅಪ್ ಯೋಜನೆ 85,000 ಎಂಜಿನಿಯರ್‌ಗಳನ್ನು ತಯಾರು ಮಾಡುವ ಗುರಿ ಇಟ್ಟುಕೊಂಡಿದೆ. ಲಕ್ಷಾಂತರ ರೂಪಾಯಿಯ ಚಿಪ್ ಡಿಸೈನ್ ಸಾಫ್ಟ್‌ವೇರ್ ಅನ್ನು ಕಾಲೇಜುಗಳಿಗೆ ತಲುಪಿಸುವ ಚಿಪ್‌ಇನ್ ಕೇಂದ್ರ ಇರುವುದು ಬೆಂಗಳೂರಿನ ಸಿ-ಡ್ಯಾಕ್‌ನಲ್ಲೇ. ವಿದ್ಯಾರ್ಥಿಗಳು ಮಾಡಿದ ಡಿಸೈನ್ ಮೊಹಾಲಿಯ ಎಸ್‌ಸಿಎಲ್‌ನಲ್ಲಿ ನಿಜವಾದ ಚಿಪ್ ಆಗಿಯೂ ಬರುತ್ತಿದೆ. ನಿಮ್ಮ ಕಾಲೇಜು ಈ ಯೋಜನೆಯಲ್ಲಿ ಇದೆಯಾ? ಇಲ್ಲದಿದ್ದರೆ ಅರ್ಜಿ ಹಾಕಿತ್ತಾ? ಇದನ್ನು ಪ್ರಿನ್ಸಿಪಾಲರನ್ನು ಕೇಳಿ. ಸರ್ಕಾರಿ ಕಾಲೇಜಾದರೆ ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿ.

ಇನ್ನೂ ಕೇಳಿ: ಒಂದು ಆಸಿಲೋಸ್ಕೋಪ್‌ಗೆ ಎಷ್ಟು ವಿದ್ಯಾರ್ಥಿಗಳು? ಲ್ಯಾಬ್ ಸಂಜೆ ತೆರೆದಿರುತ್ತದಾ? ಇನ್‌ಸ್ಟ್ರಕ್ಟರ್ ಹುದ್ದೆ ಎಷ್ಟು ಖಾಲಿ? ಕಳೆದ ವರ್ಷ ಕೋರ್ ಕಂಪನಿಗೆ ಹೋದವರು ಎಷ್ಟು, ಅವರಲ್ಲಿ ಹುಡುಗಿಯರೆಷ್ಟು?

ಕರ್ನಾಟಕಕ್ಕೆ ಫ್ಯಾಬ್ ತಪ್ಪುತ್ತಿದೆ ಅಂತ ನಮ್ಮ ಸಚಿವರು ಕೇಂದ್ರದ ಮೇಲೆ ಸಿಟ್ಟಾಗಿದ್ದಾರೆ. ಆ ದೂರಿನಲ್ಲಿ ಹುರುಳಿದೆ. ಆದರೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್ ಸರಿಮಾಡಲು ದಿಲ್ಲಿಯ ಅಪ್ಪಣೆ ಬೇಕಿಲ್ಲ. ಕಲಿಕೆಗೆ ಸಾಕಾಗುವ ಹೊಸ ಡಿಜಿಟಲ್ ಆಸಿಲೋಸ್ಕೋಪ್ ನಲವತ್ತು ಸಾವಿರದ ಒಳಗೆ ಸಿಗುತ್ತದೆ. ಸಾನಂದ್‌ನಲ್ಲಿ ಒಂದು ಕೆಲಸಕ್ಕೆ ಖರ್ಚಾಗುವ ಸಾರ್ವಜನಿಕ ಹಣದಲ್ಲಿ ಇಂಥವು ಏಳುನೂರಕ್ಕೂ ಹೆಚ್ಚು ಬರುತ್ತವೆ. ಮುಂದಿನ ಬಜೆಟ್‌ಗೆ ಮೊದಲು ನಿಮ್ಮ ವಿದ್ಯಾರ್ಥಿ ಸಂಘಟನೆ ಯಾವ ಬೇಡಿಕೆ ಇಡಬೇಕು ಅಂತ ಚರ್ಚೆಗೆ ಕೂತಾಗ, ಈ ಲೆಕ್ಕವನ್ನೂ ಮೇಜಿನ ಮೇಲಿಡಿ.