ಹೊರಬಾಗಿಲಿಗೆ ಯಾವ ಲೇಪ?

ಜಿಡಗಾ ಗ್ರಾಮದ ಸದ್ಗೃಹಸ್ಥರೊಬ್ಬರು ತಮ್ಮ ಹಿರಿಯರ ಕಾಲದ ಸಾಗವಾನಿ ಹೆಬ್ಬಾಗಿಲನ್ನು ನಮಗೆ ತೋರಿಸಿದರು. ಮೇಲೆ ಬಳಿಸಿದ ವಾರ್ನಿಶ್ ಹಪ್ಪಳದಂತೆ ಎದ್ದಿತ್ತು. "ಬಾಗಿಲನ್ನೇ ಬದಲಿಸಬೇಕೇನ್ರಿ, ಶಾಸ್ತ್ರಿಗಳೇ?" ಎಂದರು. ಬೇಡವೆಂದೆವು. ಕೆಟ್ಟದ್ದು ಲೇಪ, ಕಟ್ಟಿಗೆಯಲ್ಲ.

ಬಿಸಿಲಿನ ಅತಿನೇರಳೆ ಕಿರಣಗಳು ಪಾರದರ್ಶಕ ಲೇಪವನ್ನು ಹಾಯ್ದು, ಕಟ್ಟಿಗೆಯ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ದ್ರವ್ಯವನ್ನು ಶಿಥಿಲಗೊಳಿಸುತ್ತವೆ. ಹಿಡಿತ ತಪ್ಪಿದ ಲೇಪ ಬಿರಿಯುತ್ತದೆ. ಬಿರುಕಿನೊಳಗೆ ಮಳೆನೀರು ಇಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿ ಸೀಮೆಯಲ್ಲಿ ಒಳಮನೆಯ ವಾರ್ನಿಶ್ ಹೊರಬಾಗಿಲಿಗೆ ಸಲ್ಲದು.

ಹಳೆಯ ಲೇಪವನ್ನು ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಅತಿನೇರಳೆ ಕಿರಣವನ್ನು ತಡೆಯುವ ಹೊರಾಂಗಣದ ವಾರ್ನಿಶ್ ಬಳಿಸಬೇಕು. ಇಲ್ಲವೇ ಬಣ್ಣದಂಗಡಿಯ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ತಿಕ್ಕಿ, ಹೆಚ್ಚಾದುದನ್ನು ಒರೆಸಬೇಕು. ಎಣ್ಣೆ ಹಪ್ಪಳವೇಳದು, ಆದರೆ ಬಿಸಿಲನ್ನು ಅಷ್ಟಾಗಿ ತಡೆಯದು, ವರ್ಷವರ್ಷವೂ ಹಚ್ಚಬೇಕು. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು. ಎಣ್ಣೆ ಒಣಗುವಾಗ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ, ಬಯಲಲ್ಲಿ ಹರವಿ ಒಣಗಿಸಬೇಕು.

ಒಮ್ಮೆ ಬಳಿದು ಮರೆಯಬಹುದಾದ ಲೇಪ ಯಾವುದೂ ಇಲ್ಲ. ಪ್ರತಿ ಬಸವಜಯಂತಿಯ ಹೊತ್ತಿಗೆ, ಮಳೆಗೆ ಮುನ್ನ, ಬಾಗಿಲ ಮೇಲೆ ಕೈಯಾಡಿಸಿ ನೋಡುವುದೂ ಗೃಹಸ್ಥರ ಕಾಯಕವೇ ಎಂಬುದು ನಮ್ಮ ಅರಿಕೆ.