ಹೃದ್ರೋಗಿಯ ಕಡತದಲ್ಲಿ ಓದದೇ ಉಳಿದ ಹಾಳೆ

ಹೃದ್ರೋಗ ತಜ್ಞರ ಕೊಠಡಿಯ ಹೊರಗೆ ಸರದಿ ಕಾಯುತ್ತ ಕುಳಿತ ಯಾವುದೇ ಹಿರಿಯರ ಕಡತವನ್ನು ಬಿಡಿಸಿ ನೋಡಿ. ಇಸಿಜಿಯ ಉದ್ದನೆಯ ಕಾಗದ, ಎಕೋ ವರದಿ, ಆಂಜಿಯೊಗ್ರಾಮಿನ ಚಿತ್ರಗಳು, ಕೊಲೆಸ್ಟರಾಲಿನ ಲೆಕ್ಕ ಎಲ್ಲವೂ ಮೇಲೆಯೇ ಇರುತ್ತವೆ. ಅಡಿಯಲ್ಲೆಲ್ಲೋ ಮಡಿಕೆಬಿದ್ದ ಒಂದು ಹಾಳೆ ಸಿಗುತ್ತದೆ: ಸಿ.ಬಿ.ಸಿ., ಅಂದರೆ ರಕ್ತಕಣಗಳ ಸಮಗ್ರ ಎಣಿಕೆ. ಅದರಲ್ಲಿ ಹಿಮೋಗ್ಲೋಬಿನ್ ಸಾಲಿನ ಮೇಲೆ ಕಣ್ಣಾಡಿಸಿ ಉಳಿದುದನ್ನು ಮಡಿಚಿಡುವುದು ರೂಢಿ. ಆ ಸಾಲೂ ತುಸು ಇಳಿದಿದ್ದರೆ, 'ವಯಸ್ಸಾಯಿತಲ್ಲ, ಸುಸ್ತು ಸಹಜ' ಎಂಬ ಸಮಾಧಾನ ಸಿದ್ಧವಾಗಿರುತ್ತದೆ.

ಈ ಸಮಾಧಾನಕ್ಕೆ ವೈದ್ಯವಿಜ್ಞಾನದ ಬೆಂಬಲವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಪುರುಷರಿಗೆ 13 ಗ್ರಾಂ, ಗರ್ಭಿಣಿಯರಲ್ಲದ ಮಹಿಳೆಯರಿಗೆ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. ಎಂಬತ್ತು ದಾಟಿದವರಿಗೆಂದು ಅದರಲ್ಲಿ ರಿಯಾಯಿತಿ ಇಲ್ಲ. ಮೊದಲೇ ದಣಿದ ಹೃದಯವು ತೆಳುವಾದ ರಕ್ತವನ್ನು ಹೆಚ್ಚು ಹೆಚ್ಚು ಬಾರಿ ತಳ್ಳಿ ಆಮ್ಲಜನಕದ ಕೊರತೆಯನ್ನು ತುಂಬಬೇಕಾಗುತ್ತದೆ. ಮೆಟ್ಟಿಲು ಹತ್ತುವಾಗಿನ ಏದುಸಿರಿಗೆ ಹೃದಯವನ್ನೊಂದನ್ನೇ ದೂರಿದರೆ ಅರ್ಧ ಕಾರಣವನ್ನು ಕೈಬಿಟ್ಟಂತೆ.

ಅದೇ ಹಾಳೆಯಲ್ಲಿ ಕೆಳಗೆ ಆರ್.ಡಿ.ಡಬ್ಲ್ಯು. ಎಂಬ ಮೂರಕ್ಷರಗಳಿರುತ್ತವೆ. ಕೆಂಪು ರಕ್ತಕಣಗಳ ಗಾತ್ರ ಒಂದರಿಂದೊಂದಕ್ಕೆ ಎಷ್ಟು ವ್ಯತ್ಯಾಸವಾಗಿದೆ ಎಂಬುದರ ಅಳತೆ ಅದು. ಸಾಮಾನ್ಯವಾಗಿ ಶೇಕಡ 11.5ರಿಂದ 14.5ರ ಆಸುಪಾಸಿನಲ್ಲಿರುತ್ತದೆ. ಅಮೆರಿಕದ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಕಣಗಳು ಒಂದೊಂದಾಗಿ ಸೂಕ್ಷ್ಮ ರಂಧ್ರದ ಮೂಲಕ ಹಾಯುವಾಗ ವಿದ್ಯುತ್ ಪ್ರತಿರೋಧ ಬದಲಾಗಿ, ಎಣಿಕೆಯೊಡನೆ ಗಾತ್ರವೂ ದಾಖಲಾಗುತ್ತದೆ. ಹೀಗಾಗಿ ಈ ಅಂಕಿಗೆ ಪ್ರತ್ಯೇಕ ಪರೀಕ್ಷೆಯಾಗಲೀ ಹೆಚ್ಚುವರಿ ಶುಲ್ಕವಾಗಲೀ ಇಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಕಡಿಮೆ ಎಂಬ ನಮ್ಮ ಸ್ವಭಾವವೇ ಇದರ ಉಪೇಕ್ಷೆಗೂ ಕಾರಣವಿರಬಹುದು!

2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮೈಕೆಲ್ ಫೆಲ್ಕರ್ ಮತ್ತು ಸಂಗಡಿಗರು ಹೃದಯ ವೈಫಲ್ಯದ 2,679 ರೋಗಿಗಳ 36 ಪ್ರಯೋಗಾಲಯ ಮಾಪನಗಳನ್ನು ಪರಿಶೀಲಿಸಿದರು. ಸಾವು ಮತ್ತು ಆಸ್ಪತ್ರೆವಾಸದೊಡನೆ ಅತ್ಯಂತ ನಿಕಟ ನಂಟು ಕಂಡುಬಂದದ್ದು ಯಾರೂ ಗಮನಿಸದಿದ್ದ ಈ ಅಂಕಿಗೆ. ಮರುವರ್ಷ, ಒಮ್ಮೆ ಹೃದಯಾಘಾತವಾಗಿದ್ದ 4,111 ಮಂದಿಯ ಅಧ್ಯಯನವೂ ಇಂಥದೇ ಸಂಬಂಧವನ್ನು ತೋರಿಸಿತು. ಇದರ ಕಾರಣವನ್ನು ಅಸ್ಥಿಮಜ್ಜೆಯಲ್ಲಿ ಹುಡುಕಬೇಕು. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಹೊಸ ಕಣಗಳ ತಯಾರಿ ಎಡೆಬಿಡದೆ ನಡೆದಿರಬೇಕು. ದೀರ್ಘಕಾಲದ ಉರಿಯೂತ, ಮೂತ್ರಪಿಂಡಗಳ ದೌರ್ಬಲ್ಯ, ಪೋಷಕಾಂಶಗಳ ಕೊರತೆ ಇವು ಆ ತಯಾರಿಯನ್ನು ಕೆಡಿಸಿದಾಗ ಚಿಕ್ಕವೂ ದೊಡ್ಡವೂ ಆದ ಕಣಗಳು ರಕ್ತಕ್ಕೆ ಬಂದು ಸೇರುತ್ತವೆ. ದೇಹದ ಹಲವು ಮೂಲೆಗಳ ತೊಂದರೆ ಒಂದೇ ಅಂಕಿಯಲ್ಲಿ ನೆರಳಾಗಿ ಬೀಳುತ್ತದೆ.

ನಮ್ಮ ಹಿರಿಯರ ಮಟ್ಟಿಗೆ ಇದಕ್ಕೆ ಇನ್ನೊಂದು ಮಹತ್ವವಿದೆ. ಕಬ್ಬಿಣಾಂಶ ಕಡಿಮೆಯಾದರೆ ಕೆಂಪುಕಣಗಳು ಕುಗ್ಗುತ್ತವೆ. ಬಿ-12 ಜೀವಸತ್ವ ಕಡಿಮೆಯಾದರೆ ಹಿಗ್ಗುತ್ತವೆ. ಎರಡೂ ಕೊರತೆಗಳು ಒಟ್ಟಿಗಿದ್ದರೆ ಸರಾಸರಿ ಗಾತ್ರ ಸರಿಯಾಗಿಯೇ ಕಾಣಬಹುದು. ಸಾಸಿವೆಯನ್ನೂ ಕಡಲೆಯನ್ನೂ ಬೆರೆಸಿ ಸರಾಸರಿ ಕೇಳಿದರೆ ಹೆಸರುಕಾಳಿನ ಲೆಕ್ಕ ಬಂದೀತು. ಡಬ್ಬಿಯಲ್ಲಿ ಹೆಸರುಕಾಳು ಒಂದೂ ಇರುವುದಿಲ್ಲ. ಜೀವಮಾನವಿಡೀ ಸಸ್ಯಾಹಾರಿಯಾಗಿದ್ದು, ಮಧುಮೇಹಕ್ಕೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಲ್ಲಿ ಬಿ-12 ಕುಸಿಯುವ ಸಂಭವ ಹೆಚ್ಚು. ಅವರಿಗೇ ಸ್ಟೆಂಟ್ ಹಾಕಲಾಗಿದ್ದರೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಕೂಡ ಸೇರಿರುತ್ತವೆ. ಜಠರದಲ್ಲಿ ಕಣ್ಣಿಗೆ ಕಾಣದಂತೆ ರಕ್ತ ಜಿನುಗತೊಡಗಿದರೆ ಕಬ್ಬಿಣಾಂಶ ಸೋರಿಹೋಗುತ್ತದೆ. ಕೆಲವೊಮ್ಮೆ ದೊಡ್ಡ ಕರುಳಿನ ಕ್ಯಾನ್ಸರ್‌ನ ಮೊದಲ ಸುಳಿವು ಕೂಡ ಇಷ್ಟೇ: ಕಾರಣವಿಲ್ಲದೆ ಇಳಿದ ಹಿಮೋಗ್ಲೋಬಿನ್. ಇಂಥವರಿಗೆ ಟಾನಿಕ್ ಬರೆದುಕೊಟ್ಟು ಕಳುಹಿಸುವುದು ಚಿಕಿತ್ಸೆಯಲ್ಲ. ಹಾಗೆಂದು ಹೆದರಿ ಆಸ್ಪಿರಿನ್ ಅನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯ. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು.

ಉತ್ಸಾಹಕ್ಕೂ ಕಡಿವಾಣ ಬೇಕು. ಆರ್.ಡಿ.ಡಬ್ಲ್ಯು. ಸೂಚಕವೇ ಹೊರತು ರೋಗವಲ್ಲ. ವಯಸ್ಸಿನೊಡನೆ ತಾನಾಗಿಯೇ ಕೊಂಚ ಏರುತ್ತದೆ, ಯಂತ್ರದಿಂದ ಯಂತ್ರಕ್ಕೂ ತುಸು ಬದಲಾಗುತ್ತದೆ. ಅಂಕಿಯನ್ನು ಸರಿಪಡಿಸಿದ ಮಾತ್ರಕ್ಕೆ ರೋಗಿ ಸುಧಾರಿಸುವುದಿಲ್ಲ. ಹೃದಯ ವೈಫಲ್ಯದ ರೋಗಿಗಳಲ್ಲಿ ಡಾರ್ಬೆಪೊಯೆಟಿನ್ ಚುಚ್ಚುಮದ್ದಿನಿಂದ ಹಿಮೋಗ್ಲೋಬಿನ್ ಏರಿಸಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2013ರಲ್ಲಿ ಬಂದಿತು. ಅಂಕಿ ಏರಿತು, ಸಾವು, ಆಸ್ಪತ್ರೆವಾಸ ತಗ್ಗಲಿಲ್ಲ, ರಕ್ತ ಹೆಪ್ಪುಗಟ್ಟುವ ತೊಂದರೆ ಹೆಚ್ಚಿತು. ಇದಕ್ಕೆ ಪ್ರತಿಯಾಗಿ, ಕಬ್ಬಿಣಾಂಶದ ಕೊರತೆಯಿದ್ದವರಿಗೆ ರಕ್ತನಾಳದ ಮೂಲಕ ಕಬ್ಬಿಣ ನೀಡಿದ 2009ರ ಪ್ರಯೋಗದಲ್ಲಿ ರೋಗಿಗಳ ಸುಸ್ತು ಇಳಿಯಿತು, ನಡೆಯುವ ಶಕ್ತಿ ಹೆಚ್ಚಿತು. ರಕ್ತಹೀನತೆ ಇಲ್ಲದವರಿಗೂ ಪ್ರಯೋಜನವಾಯಿತು. ಅದೇ ಕಬ್ಬಿಣವನ್ನು ಬಾಯಿಯ ಮೂಲಕ ಕೊಟ್ಟ 2017ರ ಪ್ರಯೋಗ ಫಲ ನೀಡಲಿಲ್ಲ. ಕೊರತೆಯ ಮೂಲವನ್ನು ಗುರುತಿಸಿ, ತಕ್ಕ ದಾರಿಯಲ್ಲಿ ತುಂಬಬೇಕೆಂಬುದಕ್ಕೆ ಈ ಮೂರೂ ಸಾಕ್ಷಿ. ಆದ್ದರಿಂದ 'ಸಮಗ್ರ ತಪಾಸಣೆ'ಯ ಪ್ಯಾಕೇಜುಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ಒಂಟಿ ಅಂಕಿಗೆ ಬೆದರಬೇಕಿಲ್ಲ. ಒಂದೇ ಪ್ರಯೋಗಾಲಯದಲ್ಲಿ ಆರು ತಿಂಗಳ ಅಂತರದ ಎರಡು ವರದಿಗಳನ್ನು ಹೋಲಿಸಿ ನೋಡುವುದು ಹೆಚ್ಚು ಉಪಯುಕ್ತ.

ಹೃದಯ ವೈಫಲ್ಯದ ಎಲ್ಲ ರೋಗಿಗಳಿಗೂ ನಿಯತಕಾಲಿಕವಾಗಿ ರಕ್ತಕಣ ಎಣಿಕೆ ಹಾಗೂ ಕಬ್ಬಿಣಾಂಶದ ಪರೀಕ್ಷೆ ಆಗಬೇಕೆಂದು ಯೂರೋಪಿನ ಹೃದ್ರೋಗ ತಜ್ಞರ ಸಂಘವು 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ನಮ್ಮಲ್ಲಿ? 2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಯೋಜನೆ ಆರು ಗುಂಪುಗಳನ್ನು ಗುರುತಿಸಿದೆ: ಎಳೆಯ ಮಕ್ಕಳು, ಶಾಲಾ ವಯಸ್ಸಿನವರು, ಹದಿಹರೆಯದವರು, ಹೆರುವ ವಯಸ್ಸಿನ ಮಹಿಳೆಯರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಮಹಿಳೆಯರಲ್ಲಿ 49, ಪುರುಷರಲ್ಲಿ 54ರ ವಯಸ್ಸಿಗೆ ಹಿಮೋಗ್ಲೋಬಿನ್ ಅಳೆಯುವುದನ್ನು ನಿಲ್ಲಿಸಿತ್ತು. ತಾಯಿ-ಮಕ್ಕಳಿಗೆ ಆದ್ಯತೆ ಸಲ್ಲಬೇಕಾದದ್ದೇ. ಅದಕ್ಕಾಗಿ ಅರವತ್ತು ದಾಟಿದವರು ಲೆಕ್ಕದಿಂದಲೇ ಹೊರಗುಳಿಯಬೇಕಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಹೃದ್ರೋಗದ ಗುಳಿಗೆ ಪಡೆಯಲು ಬರುವ ಹಿರಿಯರ ಚೀಟಿಯ ಮೇಲೆ ರಕ್ತದೊತ್ತಡದ ಪಕ್ಕದಲ್ಲೇ ಹಿಮೋಗ್ಲೋಬಿನ್, ಆರ್.ಡಿ.ಡಬ್ಲ್ಯು. ಇವೆರಡನ್ನೂ ಹಿಂದಿನ ಬಾರಿಯ ಅಂಕಿಗಳೊಡನೆ ಬರೆಯುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಒಂದು ಸುತ್ತೋಲೆಯಿಂದಲೇ ಆರಂಭಿಸಬಹುದು.