ಪುಣೆಯಿಂದ ಹುಬ್ಬಳ್ಳಿಗೆ: ಆಕಾಶದ ಹಾದಿ ಎಷ್ಟು?



ರಜೆಯ ದಿನಗಳು ಹತ್ತಿರವಾದಂತೆಲ್ಲ ನಮ್ಮ ಬಳಗದಲ್ಲಿ ಒಂದೇ ಚರ್ಚೆ: ಊರಿನಲ್ಲಿರುವ ಹಿರಿಯರನ್ನು ಪುಣೆಗೆ ಕರೆತರುವುದು ಬಸ್ಸಿನಲ್ಲೋ ವಿಮಾನದಲ್ಲೋ? “ಒಂದು ತಾಸಿನ ಹಾದಿ” ಎಂದು ಹುಡುಗರು ಹೇಳಿಬಿಡುತ್ತಾರೆ. ಆ ಒಂದು ತಾಸನ್ನು ತುಸು ಬಿಚ್ಚಿ ನೋಡೋಣ.

ಮೊದಲು ದೂರ. ಲೋಹಗಾಂವ್ ವಿಮಾನ ನಿಲ್ದಾಣವಿರುವುದು ಸುಮಾರು 18 ಡಿಗ್ರಿ 35 ಮಿನಿಟಿನ ಅಕ್ಷಾಂಶದಲ್ಲಿ. ಹುಬ್ಬಳ್ಳಿಯದು 15 ಡಿಗ್ರಿ 22 ಮಿನಿಟು. ಇದು ಗಡಿಯಾರದ ಮಿನಿಟಲ್ಲ, ಡಿಗ್ರಿಯ ಅರವತ್ತನೆಯ ಪಾಲು. ಅಕ್ಷಾಂಶದ ಒಂದು ಮಿನಿಟೆಂದರೆ ಒಂದು ನಾವಿಕ ಮೈಲು, ಅಂದರೆ 1.852 ಕಿ.ಮೀ. ಹಡಗಿನವರ ಈ ಅಳತೆಯನ್ನೇ ವಿಮಾನದವರೂ ಉಳಿಸಿಕೊಂಡಿದ್ದಾರೆ. ಎರಡೂರಿನ ನಡುವಿನ 193 ಮಿನಿಟಿಗೆ ದಕ್ಷಿಣಕ್ಕೆ 357 ಕಿ.ಮೀ. ಆಯಿತು. ಹುಬ್ಬಳ್ಳಿ ಒಂದು ಡಿಗ್ರಿಗಿಂತ ತುಸು ಹೆಚ್ಚೇ ಪೂರ್ವಕ್ಕೆ ಸರಿದಿರುವುದರಿಂದ, ಓರೆಯಾಗಿ ಅಳೆದರೆ ಸುಮಾರು 380.

ಸಾತಾರಾ, ಕೊಲ್ಹಾಪುರ, ಬೆಳಗಾವಿಯ ಮೇಲೆ ಬರುವ ಹೆದ್ದಾರಿ 430ರ ಆಸುಪಾಸು. ಅಂದರೆ ಆಕಾಶಕ್ಕೆ ಹಾರಿ ನಾವು ಉಳಿಸುವ ದೂರ ಬರಿಯ ಐವತ್ತು ಕಿಲೋಮೀಟರು! ಮಿರಜ, ಲೋಂಡಾ ಸುತ್ತುವ ರೈಲಿಗೆ ಮಾತ್ರ ಐದುನೂರು ಮೀರುತ್ತದೆ.

ಇನ್ನು ವೇಳೆ. ಇಂತಹ ಹತ್ತಿರದ ಊರುಗಳ ನಡುವೆ ಹಾರುವ ಎ.ಟಿ.ಆರ್. ವಿಮಾನದ ವೇಗ ತಾಸಿಗೆ ಸುಮಾರು 500 ಕಿ.ಮೀ. ಲೆಕ್ಕದ ಪ್ರಕಾರ ಮುಕ್ಕಾಲು ತಾಸು ಸಾಕು. ಆದರೆ ವೇಳಾಪಟ್ಟಿ ಬರೆಯುವವರು ಎಣಿಸುವುದು ನಿಂತ ಜಾಗ ಬಿಟ್ಟಲ್ಲಿಂದ ಮತ್ತೆ ನಿಲ್ಲುವವರೆಗೆ. ನೆಲದ ಮೇಲಿನ ಓಡಾಟ, ಸರದಿ, ಗಾಳಿ ಬೀಸುವ ಕಡೆಯನ್ನು ನೋಡಿ ಇಳಿಯುವ ಸುತ್ತು ಎಲ್ಲವೂ ಅದರಲ್ಲಿ ಸೇರುತ್ತವೆ. ಲೋಹಗಾಂವ್ ವಾಯುಪಡೆಯ ನೆಲೆಯೂ ಹೌದು. ಯುದ್ಧವಿಮಾನಗಳೂ ಅದೇ ಓಡುದಾರಿಯಲ್ಲಿ ಏರಿಳಿಯುತ್ತವೆ. ಹೀಗಾಗಿ ಮುಕ್ಕಾಲು ತಾಸು ತಾಸನ್ನು ದಾಟುತ್ತದೆ.

ಕೋಥರೂಡಿನ ಮನೆಯಿಂದ ಧಾರವಾಡದ ಮನೆಗೆ ಎಣಿಸಿರಿ. ನಿಲ್ದಾಣ ಮುಟ್ಟಲು ಒಂದು ತಾಸು, ಅಲ್ಲಿ ಕಾಯಲು ಎರಡು, ಹಾರಲು ಒಂದೂಕಾಲು, ಪೆಟ್ಟಿಗೆ ಕೈಸೇರಿ ಧಾರವಾಡ ಮುಟ್ಟಲು ಇನ್ನೊಂದು. ಐದು ತಾಸಿನ ಮೇಲಾಯಿತು. ಬಸ್ಸಿಗೆ ಒಂದು ರಾತ್ರಿ.

ಆದರೂ ಮೊಣಕಾಲು ನೋವಿನ ಅಜ್ಜಿಗೆ ವಿಮಾನವೇ ಸರಿ ಎಂಬುದು ನಮ್ಮ ಮತ. ಎ.ಟಿ.ಆರ್.ನ ಬಾಗಿಲೇ ತೆರೆದು ಏಣಿಯಾಗುತ್ತದೆ, ಕೆಲವೇ ಮೆಟ್ಟಿಲು. ಗಾಲಿಕುರ್ಚಿ ಬೇಕೆಂದು ಎರಡು ದಿನ ಮುಂಚೆಯೇ ತಿಳಿಸಿದರೆ ಅವರಿಗೆ ನಡೆಯುವ ಕಷ್ಟವೂ ಇಲ್ಲ. ಆದರೆ ನಡುರಾತ್ರಿ ಫೋನು ಬಂದು “ಅಪ್ಪನಿಗೆ ಹುಷಾರಿಲ್ಲ, ಹೊರಡು” ಎಂದರೆ ಮರುದಿನದ ವಿಮಾನಕ್ಕಾಗಿ ಕಾದು ಕೂರಬೇಡಿರಿ. ಕೂಡಲೇ ಹೊರಟ ಮೋಟಾರು ಬೆಳಗಿನ ಹೊತ್ತಿಗೆ ಧಾರವಾಡದಲ್ಲಿರುತ್ತದೆ.

ಇನ್ನೊಂದು ಮಾತು. ಸಣ್ಣ ಊರುಗಳ ವಿಮಾನ ಇಂದಿದ್ದದ್ದು ನಾಳೆ ಇರುತ್ತದೆಂಬ ಭರವಸೆಯಿಲ್ಲ. 2017ರ ಏಪ್ರಿಲಿನಲ್ಲಿ ಹಾರಾಟ ಆರಂಭಿಸಿದ ಉಡಾನ್ ಯೋಜನೆಯಲ್ಲಿ ಒಂದು ಹಾದಿಗೆ ಸಿಗುವ ಸಹಾಯಧನ ಮೂರು ವರ್ಷದ್ದು. ಅದು ಮುಗಿದ ಮೇಲೆ ಎಷ್ಟೋ ಹಾದಿಗಳು ನಿಂತುಹೋದವು. ವೇಳಾಪಟ್ಟಿಯೂ ಮಾರ್ಚಿ, ಅಕ್ಟೋಬರುಗಳ ಕೊನೆಯ ಭಾನುವಾರ ಬದಲಾಗುತ್ತದೆ. ಮದುವೆ, ಮುಂಜಿಯ ದಿನ ಗೊತ್ತುಮಾಡುವ ಮುನ್ನ ನೇರ ವಿಮಾನ ಇದೆಯೇ, ಯಾವ ವಾರಗಳಲ್ಲಿ ಇದೆ ಎಂದು ವಿಚಾರಿಸಿಕೊಳ್ಳಿರಿ.

ಅಂದ ಹಾಗೆ, ಬರುವಾಗ ಅಜ್ಜಿ ತರುವ ಕಡಕ್ ರೊಟ್ಟಿಯ ಗಂಟು ಕೈಚೀಲದಲ್ಲೇ ಇರಲಿ. ಪೆಟ್ಟಿಗೆಯಲ್ಲಿ ತುಂಬಿ ಕೊಟ್ಟರೆ ಪುಣೆ ಮುಟ್ಟುವಾಗ ಉಳಿಯುವುದು ಪುಡಿ ಮಾತ್ರ.